ಡಬ್ಬದ ಮೇಲಿನ ಸಂಖ್ಯೆಯನ್ನು ಅಳೆದವರು ಯಾರು?



ಬೆಳಗಿನ ಜಾವ ಕ್ಯಾನ್ ಹಿಡಿದು ಸಂಘದ ಮುಂದೆ ಸಾಲು ನಿಲ್ಲುವ ನಿಮಗೆ ಅಳತೆ ಎಂದರೇನು ಎಂದು ನಾನು ಹೇಳಿಕೊಡಬೇಕಿಲ್ಲ. ನಿನ್ನೆ 4.1 ಬಂದಿದ್ದ ಫ್ಯಾಟ್ ಇವತ್ತು 3.6 ಎಂದು ಚೀಟಿಯಲ್ಲಿ ಬಂದರೆ "ಇನ್ನೊಂದ್ ಸಲ ಹಾಕಪ್ಪ, ಮೇವು ಅದೇ, ಹಸು ಅದೇ, ಇದೆಂಗೆ ಇಳೀತು" ಎಂದು ಅಲ್ಲೇ ಕೇಳುತ್ತೀರಿ. ಕೇಳಬೇಕಾದದ್ದೇ. ಆದರೆ ಅದೇ ನೀವು ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಮೊಮ್ಮಗುವಿಗೆಂದು ಹಾಲಿನ ಪುಡಿಯ ಡಬ್ಬ ಕೊಂಡಾಗ, ಅದರ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ಸಂಖ್ಯೆಗಳನ್ನು ಯಾರೂ ಕೇಳುವುದಿಲ್ಲ. ವಿಟಮಿನ್ ಎ ಇಷ್ಟು, ಡಿ ಇಷ್ಟು, ಬಿ1 ಇಷ್ಟು, ಬಿ12 ಇಷ್ಟು. ಅಚ್ಚಾಗಿದೆ ಎಂದ ಮೇಲೆ ಇದ್ದೇ ಇರುತ್ತದೆ ಎಂದು ನಂಬುತ್ತೇವೆ.

ಹೀಗೆ ನಂಬದ ಒಬ್ಬ ಸದಸ್ಯೆ ಕಳೆದ ವರ್ಷದ ತರಬೇತಿ ಶಿಬಿರದಲ್ಲಿ ಎದ್ದು ನಿಂತು ಕೇಳಿದರು: "ಡಬ್ಬದಾಗೆ ವಿಟಮಿನ್ ಐತೆ ಅಂತ ಬರ್ದಿರ್ತಾರಲ್ಲ ಡಾಕ್ಟ್ರಮ್ಮ, ಅದನ್ನ ಯಾರು ನೋಡವ್ರೆ?" ಶಿಬಿರ ಇದ್ದದ್ದು ಕೆಚ್ಚಲು ಬಾವಿನ ಬಗ್ಗೆ. ಸಮಯವಿರಲಿಲ್ಲ, ಚುಟುಕಾಗಿ ಉತ್ತರಿಸಿ ಮುಂದೆ ಹೋದೆವು. ಆದರೆ ಆ ಪ್ರಶ್ನೆ ಚುಟುಕು ಉತ್ತರದ್ದಲ್ಲ. ಅದಕ್ಕೆ ಪೂರ್ತಿ ಉತ್ತರವನ್ನೂ, ಅದರಿಂದ ನಮ್ಮ ಒಕ್ಕೂಟ ಮಾಡಬೇಕಾದದ್ದು ಏನೆಂಬ ನನ್ನ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ದನಗಳ ಡಾಕ್ಟರು, ಮಕ್ಕಳ ಡಾಕ್ಟರಲ್ಲ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು ಎಂದು ನಿಮ್ಮ ಆಶಾ ಕಾರ್ಯಕರ್ತೆ ಹೇಳುವುದೇ ಸರಿ. ಡಬ್ಬದ ಮೇಲೂ ತಾಯಿಯ ಹಾಲೇ ಶ್ರೇಷ್ಠ ಎಂದು ಬರೆಯಲೇಬೇಕು. ಅದರ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ ಎಂದು 1992ರಲ್ಲೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ಆದರೂ ಬಾಣಂತಿ ತೀರಿಕೊಂಡ ಮನೆ ಇರುತ್ತದೆ, ಕಾಯಿಲೆ ಬಿದ್ದ ತಾಯಿ ಇರುತ್ತಾಳೆ, ಡಾಕ್ಟರೇ ಬರೆದುಕೊಡುವ ಸಂದರ್ಭ ಬರುತ್ತದೆ. ಅಂಥ ಮಗುವಿಗೆ ಆ ಡಬ್ಬವೇ ಊಟ, ಡಬ್ಬವೇ ನೀರು, ಡಬ್ಬವೇ ಎಲ್ಲ. ನಾವು ಮಧ್ಯಾಹ್ನ ಸೊಪ್ಪು ತಿನ್ನದಿದ್ದರೆ ರಾತ್ರಿ ಮೊಟ್ಟೆಯೋ ಹುರುಳಿಕಾಳೋ ತಿಂದು ಸರಿದೂಗಿಸುತ್ತೇವೆ. ಎರಡು ತಿಂಗಳ ಮಗುವಿಗೆ ಬೇರೆ ತಟ್ಟೆ ಇಲ್ಲ. ಡಬ್ಬದಲ್ಲಿ ಒಂದು ವಿಟಮಿನ್ ಇಲ್ಲವೆಂದರೆ ಆ ಮಗುವಿನ ಮೈಗೆ ಅದು ಎಲ್ಲಿಂದಲೂ ಬರುವುದಿಲ್ಲ.

"ನಮ್ಮನೇಲೇ ಹಸು ಐತಲ್ಲ, ಡಬ್ಬ ಯಾಕೆ" ಎಂದು ನೀವು ಕೇಳಬಹುದು. ಹಸುವಿನ ಹಾಲು ಕರುವಿಗಾಗಿ ಆದದ್ದು. ಕರು ಹುಟ್ಟಿದಾಗಿನ ತೂಕದ ಎರಡರಷ್ಟಾಗಲು ಒಂದೂವರೆ, ಎರಡು ತಿಂಗಳು ಸಾಕು; ಮಗುವಿಗೆ ಸುಮಾರು ಐದು ತಿಂಗಳು ಬೇಕು. ಅಷ್ಟು ಬೇಗ ಬೆಳೆಯುವ ಕರುವಿಗೆ ಬೇಕಾದಷ್ಟು ಪ್ರೋಟೀನು, ಲವಣ ಆ ಹಾಲಿನಲ್ಲಿವೆ. ಎಳೆಗೂಸಿನ ಮೂತ್ರಪಿಂಡಕ್ಕೆ ಅದು ಹೊರೆ. ಕಬ್ಬಿಣದ ಅಂಶವೂ ಕಡಿಮೆ. ಅದಕ್ಕೇ ವರ್ಷ ತುಂಬುವ ತನಕ ಹಸು, ಎಮ್ಮೆಯ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ ಎಂದು ಮಕ್ಕಳ ಡಾಕ್ಟರು ಹೇಳುತ್ತಾರೆ. ಡಬ್ಬದ ಪುಡಿ ಮಾಡುವವರು ನಮ್ಮಂಥವರ ಹಾಲನ್ನೇ ತೆಗೆದುಕೊಂಡು, ಅದನ್ನು ಬಿಡಿಸಿ, ಮಗುವಿಗೆ ಹೊಂದುವ ಹಾಗೆ ಮತ್ತೆ ಜೋಡಿಸುತ್ತಾರೆ. ಸಾಮಾನ್ಯವಾಗಿ ಕೆನೆ ತೆಗೆದ ಹಾಲಿನ ಪುಡಿ, ಚೀಸ್ ಮಾಡಿ ಉಳಿದ ಹಾಲಿನ ತಿಳಿಯ ಪುಡಿ, ಹಾಲಿನ ಸಕ್ಕರೆ, ಸಸ್ಯದ ಎಣ್ಣೆ ಅದರಲ್ಲಿರುತ್ತವೆ. ಇಲ್ಲೊಂದು ಗುಟ್ಟಿದೆ. ಹಾಲಿನ ಎ ಮತ್ತು ಡಿ ವಿಟಮಿನ್‌ಗಳು ಇರುವುದು ಕೆನೆಯಲ್ಲಿ. ಕೆನೆ ಹೋದರೆ ಅವೂ ಹೋದವು. ಆಮೇಲೆ ಅವನ್ನು ಹೊರಗಿನಿಂದ ತಂದು ಹಾಕಬೇಕು. ಬಿ ಗುಂಪಿನವು, ಸಿ ವಿಟಮಿನ್ ಕಾಯಿಸುವಾಗ, ಒಣಗಿಸುವಾಗ, ಬೆಳಕಿಗೆ ಬಿದ್ದಾಗ ಒಂದಿಷ್ಟು ನಾಶವಾಗುತ್ತವೆ, ಅವನ್ನೂ ಹಾಕಬೇಕು. ಅಂದರೆ ಡಬ್ಬದಲ್ಲಿರುವ ಬಹುಪಾಲು ವಿಟಮಿನ್ ಯಾರೋ ತೂಗಿ ಹಾಕಿದ್ದು. ತೂಗಿ ಹಾಕುವಲ್ಲಿ ಕೈತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ.

ಕಾಣದ ಈ ವಸ್ತು ಇದೆ ಎಂದು ಮನುಷ್ಯರಿಗೆ ತೋರಿಸಿಕೊಟ್ಟವು ಹಸುಗಳೇ. ಆ ಕಥೆ ನಿಮಗೆ ಹೇಳಲೇಬೇಕು.

ಫ್ಯಾಟ್ ಟೆಸ್ಟ್ ಎಂಬುದನ್ನು ಡೇರಿಗಳಿಗೆ ಕೊಟ್ಟವರಲ್ಲಿ ದೊಡ್ಡ ಹೆಸರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್. 1890ರಲ್ಲಿ ಆತ ತೋರಿಸಿದ ವಿಧಾನದಿಂದ ನೀರು ಬೆರೆಸಿದವರಿಗೂ ಗಟ್ಟಿ ಹಾಲು ತಂದವರಿಗೂ ಒಂದೇ ದುಡ್ಡು ಎಂಬ ಅನ್ಯಾಯ ನಿಂತಿತು. ಅದಕ್ಕೆ ಪೇಟೆಂಟ್ ಕೂಡ ಪಡೆಯಲಿಲ್ಲ. ಅಳತೆಯಲ್ಲೇ ಹೆಸರು ಮಾಡಿದ ಈ ಮನುಷ್ಯನಿಗೆ ಆಗಿನ ಅಳತೆಯ ಮೇಲೆ ಒಂದು ಅನುಮಾನವಿತ್ತು. ಮೇವಿನಲ್ಲಿ ಪ್ರೋಟೀನು, ಕೊಬ್ಬು, ಪಿಷ್ಟ, ಬೂದಿ ಸಮ ಇದ್ದರೆ ಮೇವು ಸಮ ಎಂದು ಆ ಕಾಲದ ಪ್ರಯೋಗಾಲಯಗಳು ಹೇಳುತ್ತಿದ್ದವು. ಹೌದೇ ಎಂದು ನೋಡಲು ಅವನ ಸಹೋದ್ಯೋಗಿಗಳು 1907ರಿಂದ 1911ರವರೆಗೆ 16 ಪಡ್ಡೆಗಳನ್ನು ನಾಲ್ಕು ಗುಂಪು ಮಾಡಿ ಸಾಕಿದರು. ಒಂದು ಗುಂಪಿಗೆ ಮುಸುಕಿನ ಜೋಳದ ಗಿಡದ್ದೇ ಮೇವು, ಕಾಳು, ಇನ್ನೊಂದಕ್ಕೆ ಗೋಧಿಯದ್ದು, ಮತ್ತೊಂದಕ್ಕೆ ಓಟ್ಸ್, ನಾಲ್ಕನೆಯದಕ್ಕೆ ಮೂರರ ಮಿಶ್ರಣ. ಪ್ರಯೋಗಾಲಯದ ಲೆಕ್ಕದಲ್ಲಿ ನಾಲ್ಕೂ ಒಂದೇ.

ಕೊಟ್ಟಿಗೆಯಲ್ಲಿ ಒಂದೇ ಆಗಲಿಲ್ಲ. ಜೋಳ ತಿಂದವು ಮಿಂಚುವ ಮೈಯ ಹಸುಗಳಾದವು, ಗಟ್ಟಿ ಕರು ಹಾಕಿದವು. ಗೋಧಿ ತಿಂದವು ಸೊರಗಿದವು, ಕಣ್ಣು ಕಳೆದುಕೊಂಡವು, ದಿನ ತುಂಬುವ ಮೊದಲೇ ಕರು ಹಾಕಿದವು; ಕರುಗಳು ಉಳಿಯಲಿಲ್ಲ. ಅಳತೆಗೆ ಸಿಗದ ಏನೋ ಒಂದು ಮೇವಿನಲ್ಲಿದೆ ಎಂಬುದು ಹೀಗೆ ಸ್ಪಷ್ಟವಾಯಿತು. ಆ ತಂಡದಲ್ಲಿದ್ದ ಎಲ್ಮರ್ ಮೆಕಾಲಮ್ ಆಮೇಲೆ ಇಲಿಗಳನ್ನು ಸಾಕಿ, ಮಾರ್ಗರೀಟ್ ಡೇವಿಸ್ ಎಂಬ ಹೆಣ್ಣುಮಗಳ ಜೊತೆ ಕೆಲಸ ಮಾಡಿ, 1913ರಲ್ಲಿ ಅದನ್ನು ಬೆಣ್ಣೆಯ ಕೊಬ್ಬಿನಲ್ಲಿ ಕಂಡ. ಹಂದಿಯ ಕೊಬ್ಬು, ಆಲಿವ್ ಎಣ್ಣೆ ತಿಂದ ಇಲಿಗಳ ಬೆಳವಣಿಗೆ ನಿಂತುಹೋಗುತ್ತಿತ್ತು. ಬೆಣ್ಣೆ ಕೊಟ್ಟರೆ ಮತ್ತೆ ಬೆಳೆಯುತ್ತಿದ್ದವು. ಅದನ್ನೇ ಈಗ ವಿಟಮಿನ್ ಎ ಎನ್ನುತ್ತೇವೆ. ಆ ಹೆಣ್ಣುಮಗಳು ವರ್ಷಗಟ್ಟಲೆ ಸಂಬಳವಿಲ್ಲದೆ ಆ ಇಲಿಗಳನ್ನು ನೋಡಿಕೊಂಡಳು ಎಂಬುದನ್ನು ಸಂಬಳವಿಲ್ಲದೆ ದನ ನೋಡಿಕೊಳ್ಳುವ ನೀವು ಬೇಗ ಅರ್ಥ ಮಾಡಿಕೊಳ್ಳುತ್ತೀರಿ.

ನಮ್ಮಲ್ಲೂ ಇದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ, ತಿಂಗಳುಗಟ್ಟಲೆ ಬರೀ ಒಣ ಹುಲ್ಲು ತಿಂದ ಹಸು ಹಾಕಿದ ಕರು ಹುಟ್ಟುಗುರುಡಾಗಿದ್ದನ್ನು ನಾನೇ ನೋಡಿದ್ದೇನೆ. ದೇವರ ಶಾಪ ಎಂದು ಆ ಮನೆಯ ಅಜ್ಜಿ ಅಳುತ್ತಿದ್ದರು. ಹಸಿರು ಮೇವಿನ ಬಣ್ಣದ ಸಾರವೇ ಹಸುವಿನ ಮೈಯಲ್ಲಿ ವಿಟಮಿನ್ ಎ ಆಗಿ, ಅಲ್ಲಿಂದ ಹಾಲಿಗೆ ಬರುತ್ತದೆ. ಅಲಸಂದೆ, ಕುದುರೆಮೆಂತೆ, ನೇಪಿಯರ್ ಹಾಕಿ ಎಂದು ನಾನು ಹೋದಲ್ಲೆಲ್ಲ ಗೋಗರೆಯುವುದು ಲೀಟರ್ ಹೆಚ್ಚಲಿ ಎಂದು ಮಾತ್ರವಲ್ಲ.

ಇನ್ನು ಮಕ್ಕಳ ವಿಷಯ. ಡೆನ್ಮಾರ್ಕ್ ಎಂಬ ಪುಟ್ಟ ದೇಶ ಸಹಕಾರಿ ಡೇರಿಗಳ ತವರು. ಅಲ್ಲಿಯ ಮೊದಲ ಸಹಕಾರಿ ಡೇರಿ ಶುರುವಾದದ್ದು 1882ರಲ್ಲಿ. ಕೆನೆ ತೆಗೆಯುವ ಯಂತ್ರ ಬಂದ ಮೇಲೆ ಅಲ್ಲಿಯ ರೈತರು ಬೆಣ್ಣೆಯನ್ನು ಇಂಗ್ಲೆಂಡಿಗೆ, ಜರ್ಮನಿಗೆ ಮಾರಿ ಚೆನ್ನಾಗಿ ಸಂಪಾದಿಸಿದರು. ಕೆನೆ ತೆಗೆದ ಹಾಲು ವಾಪಸು ಹಳ್ಳಿಗೆ ಬರುತ್ತಿತ್ತು. ಬಡವರ ಮನೆಯ ಮಕ್ಕಳು ಅದನ್ನು ಕುಡಿದು, ಬೆಣ್ಣೆಯ ಬದಲು ಅಗ್ಗದ ಕೃತಕ ಬೆಣ್ಣೆ ತಿಂದು ಬೆಳೆದರು. ಅಂಥ ಮಕ್ಕಳ ಕಣ್ಣು ಒಣಗಿ, ಬಿಳಿ ಪೊರೆ ಕಟ್ಟಿ, ಕೆಲವರದು ಪೂರ್ತಿ ಹೋಗುತ್ತಿದ್ದುದನ್ನು ಕೋಪನ್‌ಹೇಗನ್‌ನ ಮಕ್ಕಳ ಡಾಕ್ಟರ್ ಕಾರ್ಲ್ ಬ್ಲಾಕ್ ಗಮನಿಸಿದರು. ಮೊದಲ ಮಹಾಯುದ್ಧದಲ್ಲಿ ಸಮುದ್ರದ ದಾರಿ ಕಟ್ಟಿತು. ಕೃತಕ ಬೆಣ್ಣೆಗೆ ಬೇಕಾದ ಎಣ್ಣೆ ಹೊರಗಿನಿಂದ ಬರಲಿಲ್ಲ, ದೇಶದ ಬೆಣ್ಣೆ ಹೊರಗೆ ಹೋಗಲಿಲ್ಲ. 1917ರ ಕೊನೆಗೆ ಸರ್ಕಾರ ಬೆಣ್ಣೆಯನ್ನು ರೇಷನ್ ಮಾಡಿ ಬಡವರಿಗೂ ಸಿಗುವಂತೆ ಮಾಡಿತು. ಮಕ್ಕಳ ಕಣ್ಣಿನ ರೋಗ ಹೆಚ್ಚುಕಡಿಮೆ ಮಾಯವಾಯಿತು. ಯುದ್ಧ ಮುಗಿದು ಬೆಣ್ಣೆ ಮತ್ತೆ ಹಡಗು ಹತ್ತಿದಾಗ ರೋಗವೂ ಮರಳಿ ಬಂತು.

ಇದನ್ನು ಓದುವಾಗಲೆಲ್ಲ ನನಗೆ ಎರಡೂ ಹೊತ್ತಿನ ಹಾಲನ್ನು ಸಂಘಕ್ಕೆ ಹಾಕಿ ಮಕ್ಕಳಿಗೆ ಟೀ ಕೊಡುವ ನಮ್ಮ ಮನೆಗಳು ಕಣ್ಣ ಮುಂದೆ ಬರುತ್ತವೆ. ಒಕ್ಕೂಟದ ನೌಕರಳಾಗಿ ಇದನ್ನು ಹೇಳಬಾರದೇನೋ, ಆದರೂ ಹೇಳುತ್ತೇನೆ: ಮನೆಯ ದೊಡ್ಡ ಮಕ್ಕಳಿಗೆ ಒಂದೊಂದು ಲೋಟ ಎತ್ತಿಟ್ಟು ಆಮೇಲೆ ಕ್ಯಾನ್ ಮುಚ್ಚಿ.

ಅದು ನೂರು ವರ್ಷದ ಹಿಂದಿನ ಮಾತು, ಈಗ ಎಲ್ಲ ಸರಿಯಾಗಿದೆ ಎನ್ನುವಂತಿಲ್ಲ. 2003ರಲ್ಲಿ ಇಸ್ರೇಲಿನಲ್ಲಿ ಕೆಲವು ಎಳೆಮಕ್ಕಳು ಒಂದಾದ ಮೇಲೊಂದು ಆಸ್ಪತ್ರೆಗೆ ಬಂದವು. ವಾಂತಿ, ಮಂಕು, ಕಣ್ಣುಗುಡ್ಡೆ ಸರಿಯಾಗಿ ಹೊರಳುತ್ತಿಲ್ಲ. ಸೋಂಕು ಹುಡುಕಿದರು, ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು, ಎಲ್ಲ ಮಕ್ಕಳೂ ಒಂದೇ ಡಬ್ಬ ಕುಡಿಯುತ್ತಿದ್ದವು: ಜರ್ಮನಿಯಲ್ಲಿ ತಯಾರಾಗಿ ರೆಮೀಡಿಯಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸೋಯಾ ಪುಡಿ. ಡಬ್ಬದ ಮೇಲೆ 100 ಗ್ರಾಂ ಪುಡಿಗೆ 385 ಮೈಕ್ರೋಗ್ರಾಂ ಬಿ1 ಎಂದು ಅಚ್ಚಾಗಿತ್ತು. ಪ್ರಯೋಗಾಲಯದಲ್ಲಿ ಅಳೆದರೆ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆ ವರ್ಷ ಪುಡಿಯ ಪಾಕ ಬದಲಾಯಿಸುವಾಗ ಬಿ1 ಸೇರಿಸುವುದು ಬಿಟ್ಟುಹೋಗಿತ್ತು. ಅಚ್ಚಿನ ಸಂಖ್ಯೆ ಮಾತ್ರ ಹಾಗೇ ಉಳಿದಿತ್ತು. ಕೆಲವು ಮಕ್ಕಳು ತೀರಿಕೊಂಡವು. ಉಳಿದವರಲ್ಲಿ ಹಲವರಿಗೆ ಮೂರ್ಛೆರೋಗ, ಮಾತಿನ ತೊಂದರೆ, ಕೈಕಾಲಿನ ತೊಂದರೆ ಉಳಿದವು. ವಿಷ ಬೆರೆಸಿದವರು ಯಾರೂ ಇಲ್ಲ. ಇರಬೇಕಾದದ್ದು ಇಲ್ಲ ಎಂಬುದನ್ನು ಮಗುವಿಗೆ ಕೊಡುವ ಮೊದಲು ಯಾರೂ ಅಳೆದು ತಡೆಯಲಿಲ್ಲ, ಅಷ್ಟೇ.

ಹೆಚ್ಚಾದರೂ ಕಷ್ಟವೇ. ನಮ್ಮಲ್ಲಿ ವಿಟಮಿನ್ ಎಂದರೆ ಎಷ್ಟಾದರೂ ಒಳ್ಳೆಯದು ಎಂಬ ಭಾವನೆ ಇದೆ. ಎ, ಡಿ ಹಾಗಲ್ಲ, ಮೈಯಲ್ಲಿ ಉಳಿದುಬಿಡುತ್ತವೆ. ಅಮೆರಿಕದ ಬೋಸ್ಟನ್ ಕಡೆ ಒಂದು ಡೇರಿಯವರು ಮನೆಮನೆಗೆ ಹಾಕುತ್ತಿದ್ದ ಹಾಲಿಗೆ ವಿಟಮಿನ್ ಡಿ ಮಿತಿಮೀರಿ ಬಿದ್ದು, ಕುಡಿದ ಎಂಟು ಮಂದಿ ಕಾಯಿಲೆ ಬಿದ್ದ ವಿಷಯ 1992ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂತು. ಅದೇ ಪತ್ರಿಕೆಯಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಹೋಲಿಕ್ ಮತ್ತು ಜೊತೆಗಾರರು ಅಂಗಡಿಗಳಿಂದ ಹಾಲು, ಮಕ್ಕಳ ಪುಡಿಹಾಲು ತಂದು ಅಳೆದ ಫಲಿತಾಂಶ ಕೊಟ್ಟರು. ಚೀಟಿಯ ಮೇಲಿನ ಸಂಖ್ಯೆಗಿಂತ ಶೇಕಡಾ 20 ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ ಎಂದು ಇಟ್ಟುಕೊಂಡರೂ, ಹಾಲಿನ 42 ಸ್ಯಾಂಪಲ್‌ಗಳಲ್ಲಿ ಸರಿ ಇದ್ದದ್ದು 12. ಕೆನೆ ತೆಗೆದ ಹಾಲಿನ 14 ಸ್ಯಾಂಪಲ್‌ಗಳಲ್ಲಿ ಮೂರರಲ್ಲಿ ಡಿ ಇರಲೇ ಇಲ್ಲ. ಮಕ್ಕಳ ಪುಡಿಹಾಲಿನ 10 ಸ್ಯಾಂಪಲ್‌ಗಳಲ್ಲಿ ಒಂದೂ ಸರಿ ಇರಲಿಲ್ಲ. ಏಳರಲ್ಲಿ ಬರೆದದ್ದರ ಎರಡರಷ್ಟಕ್ಕಿಂತ ಹೆಚ್ಚು, ಒಂದರಲ್ಲಿ ನಾಲ್ಕರಷ್ಟಕ್ಕಿಂತ ಹೆಚ್ಚು. ಅಷ್ಟು ಮುಂದುವರಿದ ದೇಶ, ಅಷ್ಟು ದೊಡ್ಡ ಕಂಪನಿಗಳು. ಯಾರೋ ಅಂಗಡಿಗೆ ಹೋಗಿ ಡಬ್ಬ ತಂದು ಅಳೆದದ್ದರಿಂದ ಗೊತ್ತಾಯಿತು. ಕಾರ್ಖಾನೆಯ ಬಾಗಿಲಲ್ಲಿ ಅಲ್ಲ, ಅಂಗಡಿಯಲ್ಲಿ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಂತಾರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಮಕ್ಕಳ ಪುಡಿಹಾಲಿಗೆ ಎ, ಡಿ ಎರಡಕ್ಕೂ ಕೆಳಗಿನ ಮಿತಿಯೂ ಇದೆ, ಮೇಲಿನ ಮಿತಿಯೂ ಇದೆ. ವಿಟಮಿನ್ ಎ 100 ಕ್ಯಾಲೊರಿಗೆ 60 ಮೈಕ್ರೋಗ್ರಾಂಗಿಂತ ಕಡಿಮೆ ಇರಬಾರದು, 180 ದಾಟಬಾರದು. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂ ತೂಕವನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಮೂಟೆ ರಾಗಿ ಹಿಟ್ಟಿಗೆ ಚಿಟಿಕೆ ಅರಿಶಿನ ಹಾಕಿ ಪ್ರತಿ ಮುಷ್ಟಿಯಲ್ಲೂ ಸಮನಾಗಿ ಬರುವಂತೆ ಕಲಸುವ ಕೆಲಸವನ್ನು ಊಹಿಸಿಕೊಳ್ಳಿ. ಕಾರ್ಖಾನೆಯವರ ಕಷ್ಟ ಅದು. ದಿನ ಕಳೆದಂತೆ ಒಂದಿಷ್ಟು ನಾಶವಾಗುತ್ತದೆಂದು ಮೊದಲೇ ತುಸು ಹೆಚ್ಚಾಗಿ ಹಾಕುತ್ತಾರೆ. ಹಾಕಿದ ದಿನದ ಅಳತೆ ಬೇರೆ, ಮಗು ಕುಡಿಯುವ ದಿನದ ಅಳತೆ ಬೇರೆ.

ಹಾಗಾದರೆ ಅಳೆಯುವುದು ಹೇಗೆ? ಸಂಘದ ಮಿಲ್ಕ್ ಅನಲೈಸರ್‌ಗೆ ಹಾಲು ಹಾಕಿದರೆ ಒಂದು ನಿಮಿಷದೊಳಗೆ ಫ್ಯಾಟ್, ಎಸ್‌ಎನ್‌ಎಫ್ ಬಂದುಬಿಡುತ್ತದೆ. ವಿಟಮಿನ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ವಿಟಮಿನ್ ಎ ತೆಗೆದುಕೊಳ್ಳಿ. ಪುಡಿಯನ್ನು ತೂಗಿ ನೀರಿನಲ್ಲಿ ಕರಗಿಸಿ, ಆಲ್ಕೋಹಾಲು ಮತ್ತು ಕ್ಷಾರ ಹಾಕಿ ಬಿಸಿ ಮಾಡುತ್ತಾರೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸೋಪು ಮಾಡುವುದನ್ನು ನಿಮ್ಮ ಸ್ವಸಹಾಯ ಸಂಘದ ತರಬೇತಿಯಲ್ಲಿ ನೋಡಿದ್ದರೆ, ಇದೂ ಅದೇ ಕ್ರಿಯೆ: ಕೊಬ್ಬು ಸೋಪಾಗಿ ಬೇರೆಯಾಗುತ್ತದೆ, ಅದರೊಳಗೆ ಅಡಗಿದ್ದ ವಿಟಮಿನ್ ಬಿಡುಗಡೆಯಾಗುತ್ತದೆ. ಅದನ್ನು ಇನ್ನೊಂದು ದ್ರಾವಕಕ್ಕೆ ಇಳಿಸಿಕೊಂಡು, ಸಣ್ಣ ಕೊಳವೆಯ ಮೂಲಕ ಒತ್ತಡದಲ್ಲಿ ಹಾಯಿಸುತ್ತಾರೆ. ಜಾತ್ರೆಯ ಜನ ಇಕ್ಕಟ್ಟಿನ ಬಾಗಿಲು ದಾಟುವಾಗ ಒಬ್ಬೊಬ್ಬರಾಗಿ ಬೇರೆಯಾಗುವಂತೆ, ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಹೊರಬಂದದ್ದು ಎಷ್ಟು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಪಕ್ಕದಲ್ಲಿ, ಎಷ್ಟಿದೆ ಎಂದು ಖಚಿತವಾಗಿ ಗೊತ್ತಿರುವ ಶುದ್ಧ ವಿಟಮಿನ್ನಿನ ಗೆರೆ ಇಟ್ಟುಕೊಂಡು ಹೋಲಿಸುತ್ತಾರೆ. ಬೆಳಕು ಬಿದ್ದರೆ ವಿಟಮಿನ್ ಎ ಹಾಳಾಗುವುದರಿಂದ ಇಷ್ಟೂ ಕೆಲಸ ಮಬ್ಬು ಬೆಳಕಿನಲ್ಲಿ, ಕಂದು ಬಣ್ಣದ ಗಾಜಿನಲ್ಲಿ ನಡೆಯಬೇಕು. ಒಂದು ಸಲ ಅಲ್ಲ, ಎರಡು ಮೂರು ಸಲ ಮಾಡಿ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಬೇಕು.

ಬಿ12 ಅಳೆಯುವ ಹಳೆಯ ವಿಧಾನ ಕೇಳಿದರೆ ನಿಮಗೆ ನಗು ಬರಬಹುದು. ಅದಕ್ಕೆ ಬಳಸುವುದು ಮೊಸರಿನ ನೆಂಟನನ್ನು! ಲ್ಯಾಕ್ಟೊಬ್ಯಾಸಿಲಸ್ ಡೆಲ್ಬ್ರುಕಿ ಎಂಬ ಜಾತಿಯ ಒಂದು ಬಗೆಯ ಸೂಕ್ಷ್ಮಜೀವಿ ಅದು. ಯೋಗರ್ಟ್ ಹೆಪ್ಪು ಹಾಕುವ ಸೂಕ್ಷ್ಮಜೀವಿಯೂ ಇದೇ ಜಾತಿಯದ್ದು. ಬಿ12 ಇಲ್ಲದೆ ಅದು ಬೆಳೆಯಲಾರದು, ತಾನಾಗಿ ತಯಾರಿಸಿಕೊಳ್ಳಲೂ ಬಾರದು. ಬಿ12 ಬಿಟ್ಟು ಉಳಿದೆಲ್ಲ ಆಹಾರವಿರುವ ನೀರಿಗೆ ಡಬ್ಬದ ಪುಡಿಯ ಸಾರವನ್ನು ಒಂದಿಷ್ಟು ಹಾಕಿ, ಈ ಹೆಪ್ಪು ಬಿಟ್ಟು ಬೆಚ್ಚಗಿಡುತ್ತಾರೆ. ಎಷ್ಟು ಬಿ12 ಇದೆಯೋ ಅಷ್ಟು ಬೆಳೆಯುತ್ತದೆ, ನೀರು ಅಷ್ಟು ಮಬ್ಬಾಗುತ್ತದೆ. ಆ ಮಬ್ಬನ್ನು ಅಳೆಯುತ್ತಾರೆ. ಹೆಪ್ಪು ಕೂತಿತೋ ಇಲ್ಲವೋ ಎಂದು ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ನೋಡುವ ನೀವೂ ಒಂದು ಬಗೆಯಲ್ಲಿ ಅದನ್ನೇ ಮಾಡುತ್ತಿದ್ದೀರಿ.

ಒಂದೊಂದು ವಿಟಮಿನ್‌ಗೂ ಒಂದೊಂದು ವಿಧಾನ, ಒಂದೊಂದಕ್ಕೂ ಸಾವಿರಗಳ ಲೆಕ್ಕದಲ್ಲಿ ಶುಲ್ಕ, ಪಳಗಿದ ಕೈ ಬೇಕು, ದಿನಗಳು ಬೇಕು. ಅದಕ್ಕೇ ಇದು ಬಿಟ್ಟುಹೋಗುವುದು. ಸುಲಭವಾಗಿ ಅಳೆಯಲು ಬರುವುದನ್ನು ಅಳೆದು, ಕಷ್ಟದ್ದನ್ನು ನಂಬಿಕೆಗೆ ಬಿಡುವ ಚಾಳಿ ಎಲ್ಲ ಕಡೆಯೂ ಇದೆ. ಚೀನಾದಲ್ಲಿ 2008ರಲ್ಲಿ ಆದದ್ದು ಗೊತ್ತಿರಬಹುದು. ಅಲ್ಲಿ ಹಾಲಿನ ಪ್ರೋಟೀನನ್ನು ನೇರವಾಗಿ ಅಳೆಯದೆ ಸಾರಜನಕ ಅಳೆದು ಲೆಕ್ಕ ಹಾಕುತ್ತಿದ್ದರು. ನೀರು ಬೆರೆಸಿದವರು ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಹಾಕಿ ಟೆಸ್ಟ್ ದಾಟಿಸಿದರು. ಮಕ್ಕಳ ಪುಡಿಹಾಲಿನಲ್ಲಿ ಅದು ಸೇರಿ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದವು, ಆರು ಮಕ್ಕಳು ಸತ್ತವು. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು.

ನಮ್ಮ ಸಹಕಾರ ಚಳವಳಿಗೂ ಮಕ್ಕಳ ಪುಡಿಹಾಲಿಗೂ ಹಳೆಯ ನಂಟು ಇದೆ, ಅದು ಮೈಸೂರಿನಲ್ಲಿ ಶುರುವಾಗುತ್ತದೆ. ಹಿಂದೆ ನಮ್ಮ ದೇಶಕ್ಕೆ ಮಕ್ಕಳ ಡಬ್ಬಗಳು ಹೊರಗಿನಿಂದ ಬರುತ್ತಿದ್ದವು. ನಮ್ಮಲ್ಲಿ ಹೆಚ್ಚಿದ್ದದ್ದು ಎಮ್ಮೆ ಹಾಲು; ಜಿಡ್ಡು ಜಾಸ್ತಿ, ಒಡೆದರೆ ಗಟ್ಟಿ ಗಡ್ಡೆ, ಮಗುವಿಗೆ ಅರಗದು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆ ಹಾಲಿನಿಂದಲೇ ಮಕ್ಕಳ ಆಹಾರ ಮಾಡುವ ವಿಧಾನ ಕಂಡುಹಿಡಿದರು. ಅದನ್ನು ತೆಗೆದುಕೊಂಡು ಪುಡಿ ಮಾಡಿದ್ದು ಗುಜರಾತಿನ ಆಣಂದ್‌ನ ರೈತರ ಒಕ್ಕೂಟ, ಅಂದರೆ ಅಮುಲ್. ಮಗುವಿನ ಆಹಾರವೆಂಬುದು ದೊಡ್ಡ ಕಂಪನಿಗಳದ್ದು, ನಮಗೆ ಸಂಬಂಧವಿಲ್ಲ ಎಂದುಕೊಳ್ಳುವವರಿಗೆ ಇದನ್ನು ನೆನಪಿಸಬೇಕು. ಹಾಲು ಹಾಕುವ ಹೆಂಗಸರೂ ಪ್ರಯೋಗಾಲಯದವರೂ ಒಟ್ಟಿಗೆ ಇದ್ದಾಗ ಆದ ಕೆಲಸ ಅದು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ಒಕ್ಕೂಟ ಮಕ್ಕಳ ಡಬ್ಬ ಮಾಡುವುದಿಲ್ಲ. ಆದರೆ ವಿಟಮಿನ್ ಎ, ಡಿ ಸೇರಿಸಿದ ಹಾಲನ್ನು ಮಾರುತ್ತದೆ. ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಎಂಬ ನೀಲಿ ಗುರುತು ನೋಡಿರುತ್ತೀರಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಅಂಥ ಹಾಲಿನಲ್ಲಿ ಲೀಟರಿಗೆ ವಿಟಮಿನ್ ಎ 270ರಿಂದ 450 ಮೈಕ್ರೋಗ್ರಾಂ, ಡಿ 5ರಿಂದ 7.5 ಮೈಕ್ರೋಗ್ರಾಂ ಇರಬೇಕು. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿಯುವುದು ನಿಮ್ಮದೇ ಮಕ್ಕಳು; 2013ರಿಂದ ಅದು ನಡೆದುಬಂದಿದೆ, ಅದೂ ಪುಡಿಯಿಂದ ಕಲಸಿದ ಹಾಲು. ಮಕ್ಕಳ ಡಬ್ಬದ ಕಂಪನಿಯನ್ನು ಪ್ರಶ್ನಿಸುವ ಮೊದಲು ನಮ್ಮ ಪ್ಯಾಕೆಟ್ಟನ್ನು ನಾವೇ ಪ್ರಶ್ನಿಸಬೇಕು. ಆಗ ಮಾತಿಗೆ ಬೆಲೆ ಬರುತ್ತದೆ.

ಒಕ್ಕೂಟ ವರ್ಷಕ್ಕೆ ಎರಡು ಸಲವಾದರೂ, ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ, ತನ್ನ ಹಾಲು ಮತ್ತು ಪುಡಿಯ ಸ್ಯಾಂಪಲ್ಲನ್ನು ಹೊರಗಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ವಿಟಮಿನ್ ಅಳೆಸಬೇಕು. ಸ್ಯಾಂಪಲ್ಲನ್ನು ಡೇರಿಯ ಒಳಗಿನಿಂದ ಅಲ್ಲ, ಪೇಟೆಯ ಅಂಗಡಿಯಿಂದ, ಸದಸ್ಯೆಯರ ಎದುರಿಗೆ ಎತ್ತಬೇಕು. ಬೋಸ್ಟನ್‌ನವರು ಕಲಿಸಿದ್ದು ಅದನ್ನೇ. ಬರೆದದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಯಾವ ದಿನ, ಯಾವ ಪ್ರಯೋಗಾಲಯ: ಇಷ್ಟನ್ನು ಇದೇ ಪತ್ರಿಕೆಯಲ್ಲಿ, ಹಾಲಿನ ದರದ ಪಟ್ಟಿಯ ಪಕ್ಕದಲ್ಲಿ ಅಚ್ಚು ಹಾಕಬೇಕು. ಆಣಂದ್‌ನಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯದ್ದೇ ದೊಡ್ಡ ಪ್ರಯೋಗಾಲಯವಿದೆ. ಅದರ ಚುಟುಕು ಹೆಸರು ಕಾಫ್, ಅಂದರೆ ಇಂಗ್ಲಿಷಿನಲ್ಲಿ ಕರು. ಹೆಸರಿಗಾದರೂ ನಮ್ಮದೇ ಅನ್ನಿಸುತ್ತದೆ. ಮಕ್ಕಳ ಡಬ್ಬದವರಿಗೂ ಇದೇ ನಿಯಮ ಬರಬೇಕು: ಡಬ್ಬದ ತಳದ ಬ್ಯಾಚ್ ನಂಬರ್ ಕೊಟ್ಟರೆ ಆ ಬ್ಯಾಚಿನ ವಿಟಮಿನ್ ಅಳತೆ ಯಾರಿಗಾದರೂ ಸಿಗಬೇಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಕಚೇರಿಯಲ್ಲೇ ಕೇಳಿದ್ದೇನೆ. ಪ್ಲಾಂಟಿನಲ್ಲಿ ಹಾಕುವಾಗಲೇ ಲೆಕ್ಕವಿಟ್ಟು ಹಾಕುತ್ತೇವಲ್ಲ ಎನ್ನುತ್ತಾರೆ. ಹಾಕಿದ ಲೆಕ್ಕ ಬೇರೆ, ಅಂಗಡಿಯಲ್ಲಿ ಸಿಕ್ಕ ಲೆಕ್ಕ ಬೇರೆ. ನಡುವೆ ಬಿಸಿ ಇದೆ, ಬೆಳಕಿದೆ, ದಿನಗಳಿವೆ. ಖರ್ಚು ಕೊನೆಗೆ ರೈತರ ದರದ ಮೇಲೇ ಬೀಳುತ್ತದೆ ಎನ್ನುತ್ತಾರೆ. ನಿಜ. ಆದರೆ ವರ್ಷಕ್ಕೆ ಎರಡು ಸಲದ ಶುಲ್ಕವನ್ನು ಇಡೀ ಒಕ್ಕೂಟದ ಲೀಟರುಗಳಿಗೆ ಹಂಚಿದರೆ ಪೈಸೆಯ ಲೆಕ್ಕಕ್ಕೂ ಬರುವುದಿಲ್ಲ. ಫಲಿತಾಂಶ ಕಡಿಮೆ ಬಂದರೆ ಖಾಸಗಿ ಡೇರಿಯವರು ಅದನ್ನೇ ಹಿಡಿದು ಕುಣಿಯುತ್ತಾರೆ ಎಂಬ ಭಯವೂ ಇದೆ. ಈ ಭಯ ಸುಳ್ಳಲ್ಲ, ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೂ ಕಡಿಮೆ ಬಂದದ್ದನ್ನು ನಾವೇ ಹೇಳಿ ಸರಿಪಡಿಸುವುದಕ್ಕೂ, ಬೇರೆ ಯಾರೋ ಅಂಗಡಿಯಿಂದ ತಂದು ಅಳೆದು ಟಿವಿಯಲ್ಲಿ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೆಂಗಸರಿಗೆ ಮೈಕ್ರೋಗ್ರಾಂ ಎಲ್ಲ ಅರ್ಥವಾಗುತ್ತದೆಯೇ ಎಂಬ ಮಾತಿಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಎಸ್‌ಎನ್‌ಎಫ್ ಎಂಬ ಇಂಗ್ಲಿಷ್ ಅಕ್ಷರಗಳ ವಿಸ್ತಾರ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು 8.5ಕ್ಕಿಂತ ಕೆಳಗಿಳಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬೇಕಾದದ್ದನ್ನು ಬೇಕಾದಷ್ಟು ಕಲಿಯುವವರು ನೀವು.

ಡಾಕ್ಟರ ಸಲಹೆಯಂತೆ ಡಬ್ಬ ಬಳಸುತ್ತಿರುವ ಮನೆಗಳಿಗೆ ಎರಡು ಮಾತು. ಡಬ್ಬ ದುಬಾರಿ ಎಂದು ಪುಡಿ ಕಡಿಮೆ, ನೀರು ಜಾಸ್ತಿ ಹಾಕಬೇಡಿ. ಪ್ರಯೋಗಾಲಯದವರು ಎಷ್ಟೇ ಸೂಕ್ಷ್ಮವಾಗಿ ಅಳೆದಿರಲಿ, ಒಂದು ಚಮಚದ ಬದಲು ಅರ್ಧ ಚಮಚ ಹಾಕಿದರೆ ಮಗುವಿಗೆ ಸಿಗುವುದು ಅರ್ಧ ವಿಟಮಿನ್, ಅರ್ಧ ಊಟ. ಡಬ್ಬದೊಳಗಿನ ಚಮಚವನ್ನೇ ಬಳಸಿ, ತಲೆ ಸವರಿ ಸಮ ಮಾಡಿ, ಕುದಿಸಿದ ನೀರನ್ನು ಡಬ್ಬದ ಮೇಲೆ ಹೇಳಿದಷ್ಟೇ ಹಾಕಿ. ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ನಿಮ್ಮ ಹಾಲಿಗೂ ಇದೇ ಮಾತು: ಪಾರದರ್ಶಕ ಬಾಟಲಿಯಲ್ಲಿ ಹಾಲು ಬಿಸಿಲಿಗೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಬಿ2 ವಿಟಮಿನ್ ಬಹಳಷ್ಟು ಹಾಳಾಗುತ್ತದೆ. ಮುಚ್ಚಳದ ಸ್ಟೀಲ್ ಕ್ಯಾನ್ ಒಳ್ಳೆಯದು ಎನ್ನುವುದಕ್ಕೆ ಇದೂ ಒಂದು ಕಾರಣ.

ವಾರ್ಷಿಕ ಸರ್ವಸದಸ್ಯರ ಸಭೆಗಳು ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಸಭೆಯಲ್ಲಿ ಎದ್ದು ಕೂಗಿದರೆ ನಡಾವಳಿ ಪುಸ್ತಕಕ್ಕೆ ಹತ್ತುವುದಿಲ್ಲ. ವಿಷಯಪಟ್ಟಿಗೆ ಸೇರಬೇಕಾದರೆ ಮೊದಲೇ ಕಾರ್ಯದರ್ಶಿಯ ಕೈಗೆ ಬರಹದಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಬೇಕು. ಹೆಚ್ಚು ಬರೆಯುವುದೇನೂ ಬೇಡ. "ಒಕ್ಕೂಟದ ವಿಟಮಿನ್ ಸೇರಿಸಿದ ಹಾಲಿನ ಕಳೆದ ಒಂದು ವರ್ಷದ ಎ ಮತ್ತು ಡಿ ಪರೀಕ್ಷಾ ವರದಿಯನ್ನು ಸಭೆಯಲ್ಲಿ ಓದಬೇಕು, ಪರೀಕ್ಷೆ ಆಗಿಲ್ಲದಿದ್ದರೆ ಯಾವಾಗ ಆಗುತ್ತದೆಂದು ತಿಳಿಸಬೇಕು" ಎಂದರೆ ಸಾಕು. ನಿಮ್ಮ ಸಂಘ ಅದನ್ನು ನಿರ್ಣಯ ಮಾಡಿ ಒಕ್ಕೂಟಕ್ಕೆ ಕಳಿಸಲಿ. ಬರೆಯಲು ಕೈ ತಡವರಿಸಿದರೆ, ಜಂತುನಾಶಕ ಕೊಡುವ ದಿನ ನಿಮ್ಮೂರಿಗೆ ಬಂದಾಗ ಹೇಳಿ. ಔಷಧಿ ಚೀಟಿ ಬರೆಯುವ ಅದೇ ಪುಸ್ತಕದ ಹಾಳೆಯಲ್ಲಿ ಬರೆದುಕೊಡುತ್ತೇನೆ.